ತಟ್ಟೆಯಲ್ಲಿ ಏನಿದೆ ಅಂತ ಕೇಳುವವರು

ಕ್ಯಾಲಿಫೋರ್ನಿಯಾದ ಫ್ರೆಸ್ನೊ ಊರಾಚೆ ಚೆರ್ರಿ ಅವೆನ್ಯೂದಲ್ಲಿ ಶನಿವಾರ ಸಂತೆ ಸೇರುತ್ತದೆ. ಇಲ್ಲಿಯವರು ಸ್ವಾಪ್ ಮೀಟ್ ಅಂತಾರೆ. ಹಳೇ ಟೈರು, ಕೋಳಿಮರಿ, ಮಕ್ಕಳ ಷೂ, ಸೀಬೆಹಣ್ಣು, ಕೊತ್ತಂಬರಿ ಕಟ್ಟು, ಎಲ್ಲ ಒಂದೇ ಸಾಲಲ್ಲಿ. ತಿಪಟೂರಿಂದ ಬಂದ ಅಮ್ಮನಿಗೆ ಅಮೆರಿಕದಲ್ಲಿ ಬೇಜಾರಾಗದ ಜಾಗ ಅದೊಂದೇ. ಕೊತ್ತಂಬರಿಗೆ ಕೈಸನ್ನೆಯಲ್ಲೇ ಚೌಕಾಸಿ ಮಾಡಿ ಗೆದ್ದು ಬರುತ್ತಿದ್ದಳು.

ಅಲ್ಲೊಂದು ಟೆಂಟಿನ ಕೆಳಗೆ ಮಡಚುವ ಟೇಬಲ್ ಇತ್ತು. ಮೇಲೆ ಪೇಪರ್ ತಟ್ಟೆ. ಅದರಲ್ಲಿ ಎರಡು ಟೊರ್ತಿಯಾ, ಒಂದಿಷ್ಟು ಬೇಯಿಸಿದ ಕಾಳು, ಹೆಚ್ಚಿದ ಪಾಪಾಸುಕಳ್ಳಿ ಎಲೆ. ಐವತ್ತು ದಾಟಿದ ಹೆಂಗಸೊಬ್ಬಳು ಅಮ್ಮನನ್ನು ನೋಡಿದವಳೇ ಕುರ್ಚಿ ಎಳೆದು ಸ್ಪ್ಯಾನಿಷಿನಲ್ಲಿ ಕೂತ್ಕೊಳ್ಳಿ ಅಂದಳು. ಅಮ್ಮನ ಬಣ್ಣ, ಬಿಗಿಯಾದ ಜಡೆ, ಕೈಯಲ್ಲಿದ್ದ ಚೀಲ ನೋಡಿ ತಮ್ಮ ಕಡೆಯವಳೇ ಅಂದುಕೊಂಡಳು ಅಂತ ಕಾಣುತ್ತೆ. ಅಮ್ಮನೂ ಏನೂ ಸಂಕೋಚ ಪಡದೆ ಕೂತಳು. ಪಕ್ಕದಲ್ಲಿದ್ದ ನರ್ಸ್ ಬೆರಳು ಚುಚ್ಚಿ ಶುಗರ್ ನೋಡಿದರು. ಜಾಸ್ತಿಯೇ ಇತ್ತು.

ಇನ್ನು ಬೈಗುಳ ಶುರುವಾಗುತ್ತೆ ಅಂತ ನಾನು ಕಾಯುತ್ತಿದ್ದೆ. ಆಯಮ್ಮ ಬೈಯಲಿಲ್ಲ. ತಟ್ಟೆ ಮುಂದೆ ಸರಿಸಿ, ಮನೆಯಲ್ಲಿ ಅಡುಗೆ ಯಾರು ಮಾಡ್ತಾರೆ ಅಂತ ಕೇಳಿದಳು. ರಾತ್ರಿ ಊಟ ಎಷ್ಟು ಹೊತ್ತಿಗೆ? ಒಬ್ಬರೇನಾ, ಎಲ್ಲರ ಜೊತೆನಾ? ಇಂಥದ್ದು ಎಷ್ಟು ತಿಂತೀರಿ? ನನ್ನ ಹರುಕುಮುರುಕು ಸ್ಪ್ಯಾನಿಷಿನಲ್ಲಿ ನಾನು ಆ ಕಡೆಗೂ ಈ ಕಡೆಗೂ ಮಾತು ದಾಟಿಸುತ್ತಿದ್ದೆ. ಅಮ್ಮ ಟೊರ್ತಿಯಾ ಮುಟ್ಟಿ ನೋಡಿ, ಇದು ರೊಟ್ಟಿ, ನಮ್ಮದು ಮುದ್ದೆ ಅಂದಳು. ಆಮೇಲೆ ತಾನಾಗಿಯೇ ಹೇಳಿದಳು: ಎಲ್ಲರದ್ದೂ ಊಟ ಆದ ಮೇಲೆ ಉಳಿದ ಮುದ್ದೆ, ಉಳಿದ ಅನ್ನ ಚೆಲ್ಲೋಕೆ ಮನಸ್ಸು ಬರಲ್ಲ, ಪಾತ್ರೆ ತೊಳೆಯುವ ಮುಂಚೆ ಅದನ್ನೂ ತಿಂದುಬಿಡ್ತೀನಿ. ನನಗೇ ಗೊತ್ತಿರಲಿಲ್ಲ. ಆ ಹೆಂಗಸು ಜೋರಾಗಿ ನಕ್ಕು, ನಮ್ಮಮ್ಮನೂ ಹಾಗೇ ಅಂದಳು. ಉಳಿದದ್ದನ್ನು ಬೆಳಿಗ್ಗೆಗೆ ಎತ್ತಿಡಿ, ಬೆಳಿಗ್ಗೆ ಅದನ್ನೇ ತಿನ್ನಿ, ಅದರ ಮೇಲೆ ಹೊಸದು ಬೇಡ. ಇಷ್ಟೇ ಸಲಹೆ.

ಕಾರಲ್ಲಿ ಕೂತ ಮೇಲೆ ಅಮ್ಮ ಅಂದಳು: "ಎಷ್ಟು ವರ್ಷದಿಂದ ನಮ್ಮ ಡಾಕ್ಟ್ರ ಹತ್ರ ಹೋಗ್ತಿದ್ದೀನಿ ಕಣೇ. ಒಂದಿನನೂ ಇಷ್ಟು ಕೇಳಿಲ್ಲ."

ಆ ಮಾತು ನನಗೆ ಚುಚ್ಚಿತು. ನಾನಿರುವುದೂ ಇದೇ ಧಂದೆಯಲ್ಲಿ, ಔಷಧಿ ಅಂಗಡಿಯ ಕೌಂಟರಿನ ಹಿಂದೆ.

ಸಂತೆಯಲ್ಲಿ ಸಿಕ್ಕ ಆ ಹೆಂಗಸಿನಂಥವರನ್ನು ಪ್ರೊಮೊತೋರಾ ಅಂತಾರೆ. ಡಾಕ್ಟರಲ್ಲ, ನರ್ಸೂ ಅಲ್ಲ. ಅದೇ ಓಣಿಯಲ್ಲಿ ಬೆಳೆದು, ದ್ರಾಕ್ಷಿ ತೋಟದಲ್ಲೋ ಪ್ಯಾಕಿಂಗ್ ಶೆಡ್ಡಿನಲ್ಲೋ ದುಡಿದು, ಆಮೇಲೆ ತರಬೇತಿ ಪಡೆದವರು. ಮೆಕ್ಸಿಕೊದಲ್ಲೂ ಲ್ಯಾಟಿನ್ ಅಮೆರಿಕದ ಬೇರೆ ಕಡೆಯೂ ಹಳೆಯ ಪದ್ಧತಿ. ಅಲ್ಲಿಂದ ಬಂದವರ ಜೊತೆ ಇಲ್ಲಿಗೂ ಬಂತು. 2022ರ ಜುಲೈಯಿಂದ ಕಡಿಮೆ ಆದಾಯದವರಿಗಾಗಿ ಇರುವ ಕ್ಯಾಲಿಫೋರ್ನಿಯಾದ ಸರ್ಕಾರಿ ವಿಮೆ ಮೆಡಿ-ಕಲ್ ಇವರ ಕೆಲಸಕ್ಕೂ ದುಡ್ಡು ಕೊಡುತ್ತಿದೆ. ಕಾರಣ ಇಲ್ಲದೆ ಇಲ್ಲ. ಇಲ್ಲಿನ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ ಹೇಳುವ ಪ್ರಕಾರ ಅಮೆರಿಕದ ವಯಸ್ಕರಿಗೆ ಬದುಕಿನಲ್ಲಿ ಯಾವಾಗಲಾದರೂ ಟೈಪ್ 2 ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಶೇ. 40. ಲ್ಯಾಟಿನ್ ಅಮೆರಿಕ ಮೂಲದ ಲ್ಯಾಟಿನೊ ಜನರಲ್ಲಿ ಅದು ಶೇ. 50ಕ್ಕಿಂತ ಜಾಸ್ತಿ.

ನಮ್ಮ ಕೌಂಟರಿಗೆ ಬರುವವರಲ್ಲಿ ಮುಕ್ಕಾಲು ಪಾಲು ಮೆಕ್ಸಿಕೊ ಮೂಲದವರೇ. ಸಕ್ಕರೆ ಕಾಯಿಲೆ ಯಾಕೆ ಬಂತು ಅಂತ ಕೇಳಿದರೆ ಸುಮಾರು ಜನ ಸುಸ್ತೊ ಅಂತಾರೆ. ಯಾವಾಗಲೋ ಬೆಚ್ಚಿಬಿದ್ದದ್ದು. ಅಪಘಾತ ಆಯಿತು, ಸಾವಿನ ಸುದ್ದಿ ಬಂತು, ಎದೆ ಧಸಕ್ಕೆಂದಿತು, ಅವತ್ತಿಂದ ಶುಗರ್ ಬಂತು. ಕಾಲೇಜಿಂದ ಹೊಸದಾಗಿ ಬಂದ ಫಾರ್ಮಸಿಸ್ಟು ಇದನ್ನು ಕೇಳಿ ತಲೆ ಅಲ್ಲಾಡಿಸುತ್ತಾನೆ. ಪ್ರೊಮೊತೋರಾ ಹಾಗಲ್ಲ. ಹೌದಮ್ಮ, ನಮ್ಮತ್ತೆಗೂ ಹಾಗೇ ಆಯ್ತು ಅಂತ ಶುರು ಮಾಡುತ್ತಾಳೆ. ಹೆದರಿಕೆಗೆ ಮಾಡಿಸುವ ಶಾಸ್ತ್ರ ಮಾಡಿಸಿ, ಜೊತೆಗೆ ಈ ಮಾತ್ರೆಯನ್ನೂ ನುಂಗಿ ಅಂತಾಳೆ. ಮಗುವಿಗೆ ಜ್ವರ ಬಂದರೆ ಮೊದಲು ಉಪ್ಪು ಮೆಣಸಿನಕಾಯಿ ನಿವಾಳಿಸಿ, ಆಮೇಲೆ ಆಟೊ ಹತ್ತುವ ನಮಗೆ ಇದು ಅರ್ಥವಾಗದೆ ಇರುತ್ತಾ?

ಇನ್ಸುಲಿನ್ ವಿಷಯ ಇನ್ನೂ ಕಷ್ಟ. ಇನ್ಸುಲಿನ್ ಹಾಕಿಕೊಂಡರೆ ಕಣ್ಣು ಹೋಗುತ್ತೆ ಅಂತ ಇವರಲ್ಲಿ ಬಹಳ ಜನ ನಂಬಿದ್ದಾರೆ. ಸುಮ್ನೆ ಹುಟ್ಟಿದ ನಂಬಿಕೆಯಲ್ಲ. ವರ್ಷಗಟ್ಟಲೆ ಶುಗರ್ ಏರಿ ಕಣ್ಣೊಳಗಿನ ರಕ್ತನಾಳ ಕೆಟ್ಟ ಮೇಲೆ ಕೊನೆಗೆ ಇನ್ಸುಲಿನ್ ಶುರು ಮಾಡುತ್ತಾರೆ. ಚುಚ್ಚುಮದ್ದು ಶುರುವಾದ ವರ್ಷವೇ ಚಿಕ್ಕಪ್ಪನ ದೃಷ್ಟಿ ಹೋದರೆ ಮನೆಯವರು ಇನ್ನೇನು ಅಂದುಕೊಳ್ಳಬೇಕು? ಇದಕ್ಕೆ ನಾವು ಕೊಡುವ ಕರಪತ್ರ ಬಾಗಿಲ ಹತ್ತಿರದ ಕಸದ ಬುಟ್ಟಿ ದಾಟುವುದಿಲ್ಲ. ಅದೇ ಪ್ರೊಮೊತೋರಾ ತನ್ನ ಹೊಟ್ಟೆಯ ಮೇಲೇ ಸೂಜಿ ಹಿಡಿದು ತೋರಿಸಿ, ಇಷ್ಟು ವರ್ಷದಿಂದ ಹಾಕ್ಕೊಳ್ತಿದ್ದೀನಿ, ನಿನ್ನ ಮುಖ ಚೆನ್ನಾಗೇ ಕಾಣಿಸ್ತಿದೆ ಅಂದರೆ ಕೆಲಸ ಆಗುತ್ತೆ. ಇವರ ಕೈಯಲ್ಲಿ ಫೋಟೊನೊವೆಲಾ ಅಂತ ಪುಟ್ಟ ಪುಸ್ತಕವೂ ಇರುತ್ತದೆ. ಫೋಟೊ ಜೋಡಿಸಿ ಕಥೆ ಹೇಳುವಂಥದ್ದು. ಅತ್ತೆ, ಸೊಸೆ, ಕುಡುಕ ಮೈದುನ, ನಡುವೆ ಮಾತ್ರೆ ಮರೆತ ಅಜ್ಜಿ. ಖಿನ್ನತೆ ಬಗ್ಗೆಯೂ ಇಂಥ ಪುಸ್ತಕ ಮಾಡಿದ್ದಾರೆ. ಸಾಯಂಕಾಲ ಆರರಿಂದ ಹತ್ತರ ತನಕ ಧಾರಾವಾಹಿ ನೋಡುವ ನಮ್ಮ ಮನೆಗಳಿಗೆ ಇದನ್ನು ಯಾಕೆ ಯಾರೂ ಮಾಡಿಲ್ಲವೋ!

ನಮ್ಮೂರಲ್ಲಿ ಹೇಗೆ? ಟೋಕನ್ ತಗೊಂಡು ಎರಡು ಗಂಟೆ ಕಾಯಬೇಕು. ಒಳಗೆ ಎರಡು ನಿಮಿಷ. "ಅನ್ನ ಬಿಡಿ, ಚಪಾತಿ ತಿನ್ನಿ, ವಾಕಿಂಗ್ ಮಾಡಿ." ಮುದ್ದೆ ತಿನ್ನುವ ಸೀಮೆಯಲ್ಲಿ ಕೂತು ಚಪಾತಿ ತಿನ್ನಿ ಅಂತ ಬರೆದುಕೊಡುವುದು ಯಾವ ನ್ಯಾಯ? ಅಮ್ಮನಿಗೆ ಲಟ್ಟಿಸಿದರೆ ತೋಳು ನೋವು. ಅದಕ್ಕೇ ಚಪಾತಿ ಎರಡು ದಿನ ನಡೆದು ಮೂರನೇ ದಿನ ನಿಂತಿತು. ವಾಕಿಂಗ್ ಎಲ್ಲಿ ಮಾಡಬೇಕು, ಬೀದಿ ನಾಯಿ ಇರುವ ರಸ್ತೆಯಲ್ಲಾ ಅಂತ ಡಾಕ್ಟ್ರು ಕೇಳಲಿಲ್ಲ, ಅಮ್ಮ ಹೇಳಲಿಲ್ಲ. ಮುಂದಿನ ಸಲ ಶುಗರ್ ಇಳಿದಿಲ್ಲ ಅಂತ ಬೈಸಿಕೊಂಡು ಬಂದಳು.

ಇಲ್ಲಿರುವ ನಾವೇನು ಕಡಿಮೆ? ಬೇ ಏರಿಯಾದ ಕನ್ನಡ ಬಳಗವೊಂದರ ಆರೋಗ್ಯ ಶಿಬಿರಕ್ಕೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಮಾತಾಡಿದವರು ಕನ್ನಡದವರೇ, ಸ್ಲೈಡು ಪೂರ್ತಿ ಇಂಗ್ಲಿಷು. ಕಿನೋವಾ, ಕೇಲ್, ಆವಕಾಡೊ. ಏಷ್ಯಾ ಮೂಲದವರಿಗೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 25 ಅಲ್ಲ, 23 ದಾಟಿದರೇ ಶುಗರ್ ಪರೀಕ್ಷೆ ಮಾಡಿಸಬೇಕು ಅನ್ನುವ ಒಳ್ಳೆಯ ಮಾತೂ ಅದರಲ್ಲಿತ್ತು. ಆದರೆ ಅದು ಬೇಕಾಗಿದ್ದ ಅಜ್ಜಿ ತಾತಂದಿರು ಹಿಂದಿನ ಸಾಲಲ್ಲಿ ತೂಕಡಿಸುತ್ತಿದ್ದರು. ಅದಾದ ಮೇಲೆ ಊಟ: ಬಿಸಿಬೇಳೆಬಾತು, ಪುಳಿಯೋಗರೆ, ಮೊಸರನ್ನ, ಹೋಳಿಗೆ, ಅದರ ಮೇಲೆ ತುಪ್ಪ. ಡಾಕ್ಟ್ರೂ ಎರಡನೇ ಹೋಳಿಗೆಗೆ ಕೈ ಚಾಚಿದರು.

ಮೆಕ್ಸಿಕೊದವರ ಬುದ್ಧಿ ನೋಡಿ. ಅವರ ಕಾನ್ಸುಲೇಟ್ ಕಚೇರಿಗಳಲ್ಲಿ ವೆಂತಾನಿಯಾ ದೆ ಸಾಲೂದ್ ಅನ್ನುವ ಆರೋಗ್ಯದ ಕಿಟಕಿ ಇದೆ. 2003ರ ಸುಮಾರಿಗೆ ಸ್ಯಾನ್ ಡಿಯೆಗೊ, ಲಾಸ್ ಏಂಜಲೀಸ್ ಕಡೆ ಶುರುವಾದದ್ದು, ಈಗ ಫ್ರೆಸ್ನೊದಲ್ಲೂ ಇದೆ. ಪಾಸ್‌ಪೋರ್ಟಿಗೆ ಕಾಯುತ್ತಾ ಕೂತವರ ಬಿಪಿ, ಶುಗರ್ ನೋಡುತ್ತಾರೆ, ಲಸಿಕೆ ಎಲ್ಲಿ ಸಿಗುತ್ತೆ ಅಂತ ಹೇಳುತ್ತಾರೆ. ಹೇಗಿದ್ದರೂ ಕಾಯಲೇಬೇಕಲ್ವಾ! ನಾನು ಪಾಸ್‌ಪೋರ್ಟ್ ನವೀಕರಿಸಲು ಹೋದ ಕಡೆ ಫೋಟೊ ಅಳತೆ ಸರಿ ಇಲ್ಲ ಅಂತ ವಾಪಸ್ ಕಳಿಸಿದರು. ಅವತ್ತು ಯಾರಾದರೂ ನನ್ನ ಬಿಪಿ ನೋಡಿದ್ದರೆ ಒಳ್ಳೆಯ ಅಂಕಿ ಸಿಗುತ್ತಿತ್ತು.

ಭಾಷೆ, ಊಟ ಇವಿಷ್ಟೇ ಸಾಕು ಅಂತಲ್ಲ. 2020ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮಿಷನ್ ಬಡಾವಣೆಯಲ್ಲಿ ಯುಸಿಎಸ್‌ಎಫ್ ಅನ್ನುವ ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯದ ವೈದ್ಯರೂ ಲ್ಯಾಟಿನೊ ಟಾಸ್ಕ್ ಫೋರ್ಸ್ ಅನ್ನುವ ಸ್ಥಳೀಯ ಸಂಘಟನೆಯೂ ಸೇರಿ ಸುಮಾರು 3,000 ಜನರಿಗೆ ಕೊರೊನಾ ಪರೀಕ್ಷೆ ಮಾಡಿದರು. ಸೋಂಕು ಇದ್ದವರಲ್ಲಿ ಶೇ. 95 ಲ್ಯಾಟಿನೊಗಳು. ಹತ್ತರಲ್ಲಿ ಒಂಬತ್ತು ಜನರಿಗೆ ಮನೆಯಿಂದ ಕೆಲಸ ಮಾಡುವ ದಾರಿಯೇ ಇರಲಿಲ್ಲ. ಅಡುಗೆಮನೆ, ಕಟ್ಟಡ ಕೆಲಸ, ಮನೆ ಸ್ವಚ್ಛ ಮಾಡುವುದು. ಇಂಥವರಿಗೆ ಸೊಗಸಾದ ಸ್ಪ್ಯಾನಿಷಿನಲ್ಲಿ ಮನೆಯಲ್ಲೇ ಇರಿ ಅಂದರೆ ಬಾಡಿಗೆ ಯಾರು ಕಟ್ಟುತ್ತಾರೆ? ಅದಕ್ಕೇ ಪಾಸಿಟಿವ್ ಬಂದವರ ಮನೆ ಬಾಗಿಲಿಗೆ ದಿನಸಿ ಹೋಯಿತು. ಆ ವರ್ಷದ ಜುಲೈನಲ್ಲಿ ನಗರಾಡಳಿತ ಎರಡು ವಾರದ ಕನಿಷ್ಠ ಕೂಲಿ ಕೊಡುವ ಯೋಜನೆಯನ್ನೂ ತಂದಿತು. ವಲಸೆಯ ಕಾಗದ ಪತ್ರ ಇದೆಯಾ ಅಂತ ಕೇಳಲಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಕೆಲವನ್ನು ಒಪ್ಪಿಕೊಳ್ಳಲೇಬೇಕು, ಮನಸ್ಸಿಲ್ಲದಿದ್ದರೂ. ನಮ್ಮವರ ಊಟ ತಿಳಿದು ಹೃದಯದ ಸಲಹೆ ಕೊಡುವ ಸೌತ್ ಏಷ್ಯನ್ ಹಾರ್ಟ್ ಸೆಂಟರ್ 2006ರಿಂದ ಮೌಂಟನ್ ವ್ಯೂನಲ್ಲಿ ಇದೆ. ಹೋಗದೆ ಇರುವವರು ನಾವು. ಇನ್ನು ಸ್ಪ್ಯಾನಿಷ್ ಬಂದರೆ ಎಲ್ಲರನ್ನೂ ಮುಟ್ಟಿದಂತೆ ಅಂತಲೂ ಅಲ್ಲ. ನಮ್ಮ ಪಕ್ಕದ ಮಡೇರಾದಲ್ಲಿ ಮೆಕ್ಸಿಕೊದ ಓಹಾಕಾ ರಾಜ್ಯದಿಂದ ಬಂದ ಮಿಸ್ತೆಕೊ ಅನ್ನುವ ಮೂಲನಿವಾಸಿ ಜನ ಬಹಳ, ಅವರ ಭಾಷೆಯೇ ಬೇರೆ. ಅವರಲ್ಲಿ ಎಷ್ಟೋ ಮಂದಿಗೆ ಸ್ಪ್ಯಾನಿಷ್ ಅಷ್ಟಕ್ಕಷ್ಟೇ, ಓದು ಬರಹ ಇನ್ನೂ ಕಡಿಮೆ. ಲಂಬಾಣಿ ತಾಂಡಾಕ್ಕೆ ಕನ್ನಡ ಕರಪತ್ರ ಕಳಿಸಿ ಆಯ್ತು ಅಂತ ಕೂತರೆ ಏನಾಗುತ್ತೋ ಅದೇ ಇಲ್ಲೂ ಆಗಿದೆ. ಸ್ವತಃ ಮಿಸ್ತೆಕೊ ಆದ ಹ್ಯೂಗೊ ಮೊರಾಲೆಸ್ ಕಟ್ಟಿದ, 1980ರಲ್ಲಿ ಫ್ರೆಸ್ನೊದಿಂದ ಪ್ರಸಾರ ಶುರು ಮಾಡಿದ ರೇಡಿಯೊ ಬಿಲಿಂಗ್ವೆ ಮಿಸ್ತೆಕೊದಲ್ಲೂ ಮಾತಾಡುವುದು ಸುಮ್ನೆ ಅಲ್ಲ.

ದುಡ್ಡಿನ ಕಥೆಯೂ ಇದೆ. ಈ ಟೇಬಲ್ಲುಗಳು ಬಹುಪಾಲು ನಡೆಯುವುದು ಅನುದಾನದಲ್ಲಿ. ಅದು ಮುಗಿದರೆ ಟೇಬಲ್ಲೂ ಇಲ್ಲ, ಹೆಂಗಸೂ ಇಲ್ಲ. ಅದಕ್ಕಿಂತ ದೊಡ್ಡದು ಭಯ. 2025ರ ಜೂನ್‌ನಲ್ಲಿ ಮೆಡಿ-ಕಲ್ ಸೇರಿದವರ ಮಾಹಿತಿಯನ್ನು ಕೇಂದ್ರ ಸರ್ಕಾರ ವಲಸಿಗರನ್ನು ಹಿಡಿಯುವ ಇಲಾಖೆಯ ಕೈಗೆ ಕೊಟ್ಟಿದೆ ಅಂತ ಸುದ್ದಿ ಬಂತು. ಹೆಸರು ಬರೆಸಿ, ಏನೂ ಆಗಲ್ಲ ಅಂತ ಮನೆ ಮನೆಗೆ ಹೇಳಿದ್ದವರು ಇದೇ ಪ್ರೊಮೊತೋರಾಗಳು. ಈಗ ಅವರು ಯಾವ ಮುಖ ಹೊತ್ತು ಅದೇ ಬಾಗಿಲು ತಟ್ಟಬೇಕು? ನಮ್ಮ ಕೌಂಟರಿನಲ್ಲೂ ಮಾತ್ರೆ ಸಿದ್ಧ ಮಾಡಿಟ್ಟು ಯಾರೂ ಬಾರದ ಚೀಲಗಳು ಜಾಸ್ತಿಯಾಗಿವೆ.

ಊರಲ್ಲಿ ಆ ಭಯ ಇಲ್ಲ. ಆಸ್ಪತ್ರೆಗೆ ಹೋದರೆ ಹಿಡಿದುಕೊಂಡು ಹೋಗ್ತಾರೆ ಅಂತ ತಿಪಟೂರಿನಲ್ಲಿ ಯಾರೂ ಹೆದರುವುದಿಲ್ಲ. ಅದೇ ಬೀದಿಯ ಹೆಂಗಸು ಬಾಗಿಲಿಗೆ ಬರುವ ಏರ್ಪಾಡು ನಮ್ಮಲ್ಲೂ ಇದೆ, ಆಶಾ ಅಂತ. ಇಡೀ ದೇಶದಲ್ಲಿ ಇದೆ, ಅನುದಾನ ಮುಗಿಯಿತು ಅಂತ ಎದ್ದು ಹೋಗಿಲ್ಲ. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತು, ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದು ಎದ್ದರು. ಇಲ್ಲಿನ ಸಂಬಳಕ್ಕೆ ಹೋಲಿಸಿದರೆ ನಗುವೂ ಬರುತ್ತೆ, ಸಿಟ್ಟೂ ಬರುತ್ತೆ.

ಮೊನ್ನೆ ಫೋನಿನಲ್ಲಿ ಅಮ್ಮನನ್ನು ಕೇಳಿದೆ, ನಮ್ಮ ಬೀದಿಯ ಆಶಾ ಬರ್ತಾಳಾ ಅಂತ. "ಬರ್ತಾಳೆ ಕಣೇ. ಬಿಪಿ ನೋಡಿ ಬರ್ಕೊಂಡು ಹೋಗ್ತಾಳೆ. ಪಾಪ, ಕೂರೋಕೆ ಪುರುಸೊತ್ತೆಲ್ಲಿ? ಮೊಬೈಲಿಗೆ ಹಾಕ್ಬೇಕಂತೆ, ಅದೆಂಥದೋ ಸರ್ವೆ ಅಂತೆ." ಆ ಸರ್ವೆಗಳಲ್ಲಿ ಅರ್ಧ ಕಿತ್ತುಹಾಕಿ, ಅವಳನ್ನು ಅಮ್ಮನ ಅಡುಗೆಮನೆಯಲ್ಲಿ ಕಾಲು ಗಂಟೆ ಕೂರಿಸಿದರೆ ಸಾಕು. ಉಳಿದ ಮುದ್ದೆ ಯಾರ ಹೊಟ್ಟೆಗೆ ಹೋಗುತ್ತೆ ಅನ್ನುವುದು ಅವಳಿಗೆ ಕೇಳದೆಯೇ ಗೊತ್ತಿರುತ್ತದೆ. ಅವಳ ಮನೆಯಲ್ಲೂ ಅದೇ ತಾನೆ.