ಕಂಕುಳಿಗೆ ಅಡುಗೆ ಸೋಡ ಬೇಡ, ಪಟಿಕ ಸಾಕು

ಬೇಸಿಗೆ ಬಂತೆಂದರೆ ಎಲ್ಲ ಕಡೆ ಅದೇ ರೆಸಿಪಿ ಓಡಾಡುತ್ತದೆ. ತೆಂಗಿನೆಣ್ಣೆ, ಅಡುಗೆ ಸೋಡ, ಆರಾರೂಟ್ ಪುಡಿ (ನಮ್ಮ ಕೂವೆ ಹಿಟ್ಟು), ಮೇಲೆ ನಾಲ್ಕು ಹನಿ ಟೀ ಟ್ರೀ ಎಣ್ಣೆ. ಕಲಸಿ ಡಬ್ಬಿಗೆ ತುಂಬಿದರೆ ‘ನ್ಯಾಚುರಲ್ ಡಿಯೋಡರೆಂಟ್’ ರೆಡಿಯಂತೆ. ಇದು ಚಳಿ ದೇಶದವರಿಗೆ ಹೊಂದುವ ರೆಸಿಪಿ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೆ ಕರಗುತ್ತದೆ. ಏಪ್ರಿಲ್‌ನಲ್ಲಿ ಮಂಗಳೂರಿನಲ್ಲೋ ರಾಯಚೂರಿನಲ್ಲೋ ಆ ಡಬ್ಬಿ ತೆರೆದು ನೋಡಿ, ಮೇಲೆ ಎಣ್ಣೆ, ತಳದಲ್ಲಿ ಸೋಡ. ಮೇಲಿನದನ್ನು ಹಚ್ಚಿಕೊಂಡವರ ಬನಿಯನ್ನಿಗೆ ಜಿಡ್ಡಿನ ಕಲೆ, ತಳದ್ದನ್ನು ಹಚ್ಚಿಕೊಂಡವರ ಕಂಕುಳಿಗೆ ಉರಿ.

ಉರಿಗೆ ಕಾರಣ ಸರಳ. ಆರೋಗ್ಯವಾಗಿರುವ ಚರ್ಮದ ಮೇಲ್ಪದರ ತುಸು ಹುಳಿ ಗುಣದ್ದು, ಹುಳಿಯೋ ಕ್ಷಾರವೋ ಎಂದು ಅಳೆಯುವ ಪಿಎಚ್ ಅಂಕಿಯಲ್ಲಿ ಸುಮಾರು 5. ಕಂಕುಳಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ. ಅಡುಗೆ ಸೋಡದ ನೀರಿನ ಪಿಎಚ್ 8 ದಾಟುತ್ತದೆ, ಅಂದರೆ ಅದು ಕ್ಷಾರ. ಪಿಎಚ್‌ನಲ್ಲಿ ಒಂದು ಅಂಕಿ ಏರಿದರೆ ಹತ್ತು ಪಟ್ಟು ವ್ಯತ್ಯಾಸ, ಮೂರು ಅಂಕಿ ಅಂದರೆ ಸಾವಿರ ಪಟ್ಟು. ಮೊದಲ ಕೆಲವು ದಿನ ವಾಸನೆ ನಿಜವಾಗಿಯೂ ಹೋಗುತ್ತದೆ, ಅದಕ್ಕೇ ಎಲ್ಲರೂ ಹೊಗಳುತ್ತಾರೆ. ಆಮೇಲೆ ನವೆ, ಕೆಂಪು, ಸಿಪ್ಪೆ ಏಳುವುದು. ನಮ್ಮ ಕಂದು ಚರ್ಮದಲ್ಲಿ ಆ ಕೆಂಪು ಮಾಯುವಾಗ ಕಪ್ಪು ಕಲೆಯಾಗಿ ಉಳಿಯುತ್ತದೆ. ಆ ಕಪ್ಪು ತೆಗೆಯಲು ನಿಂಬೆಹಣ್ಣು ಉಜ್ಜಿ ಅಂತ ಇನ್ನೊಬ್ಬರ ಸಲಹೆ ಬರುತ್ತದೆ! ನಿಂಬೆರಸದ ಪಿಎಚ್ ಸುಮಾರು 2, ಕೆರೆದ ಚರ್ಮಕ್ಕೆ ಅದು ಇನ್ನೊಂದು ಏಟು. ರಸ ತಾಕಿದ ಜಾಗಕ್ಕೆ ಬಿಸಿಲು ಬಿದ್ದರೆ ಸುಟ್ಟಂಥ ಗುಳ್ಳೆ ಏಳುವುದೂ ಉಂಟು.

ಅಷ್ಟಕ್ಕೂ ಬೆವರಿಗೆ ವಾಸನೆಯಿಲ್ಲ. ಮೈಯೆಲ್ಲ ತಂಪು ಮಾಡುವ ಉಪ್ಪುನೀರಿನ ಬೆವರು ಒಂದು ಬಗೆ. ಕಂಕುಳು, ತೊಡೆಸಂದಿಗಳಲ್ಲಿ ಹರೆಯ ಬಂದ ಮೇಲೆ ಕೆಲಸ ಶುರುಮಾಡುವ ಬೇರೆ ಗ್ರಂಥಿಗಳಿವೆ, ಅವುಗಳಿಂದ ಬರುವುದು ಕೊಬ್ಬು, ಪ್ರೋಟೀನು ಬೆರೆತ ತುಸು ಮಂದವಾದ ದ್ರವ. ಅಲ್ಲಿ ಬೀಡುಬಿಟ್ಟ ಕೊರಿನೆಬ್ಯಾಕ್ಟೀರಿಯಂ, ಸ್ಟಾಫಿಲೊಕಾಕಸ್ ಹೋಮಿನಿಸ್ ಎಂಬ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ನಾತ ಹುಟ್ಟುತ್ತದೆ. ಮೊದಲನೆಯದು ಹುಟ್ಟಿಸುವ ಒಂದು ಆಮ್ಲಕ್ಕೆ ಜೀರಿಗೆ ನೆನಪಿಸುವ ಕಮಟು, ಎರಡನೆಯದು ಬಿಡುವ ಗಂಧಕದ ಸಂಯುಕ್ತಕ್ಕೆ ಹಳಸಿದ ಈರುಳ್ಳಿಯ ಘಾಟು. ಎರಡೂ ನಮ್ಮ ಅಡುಗೆಮನೆಯವೇ, ಆದರೆ ಬಸ್ಸಿನಲ್ಲಿ ಯಾರಿಗೂ ಬೇಡ.

ಹಾಗಾಗಿ ಮಾಡಬೇಕಾದದ್ದು ಬೆವರನ್ನು ಶಪಿಸುವುದಲ್ಲ, ಜಾಗವನ್ನು ಒಣಗಿಸಿ, ಹುಳಿ ಗುಣದಲ್ಲೇ ಉಳಿಸಿ, ಆ ಬ್ಯಾಕ್ಟೀರಿಯಾಗಳ ಸಂಖ್ಯೆ ತಗ್ಗಿಸುವುದು. ಈ ಮೂರೂ ಕೆಲಸವನ್ನು ತಕ್ಕಮಟ್ಟಿಗೆ ಒಂದೇ ಏಟಿಗೆ ಮಾಡುವ ವಸ್ತು ಕ್ಷೌರದಂಗಡಿಯ ಕನ್ನಡಿ ಕೆಳಗೆ ಕೂತಿದೆ: ಪಟಿಕ. ಕೆಲವು ಕಡೆ ಸ್ಫಟಿಕ, ಆಲಂ ಅಂತಲೂ ಕೇಳಬೇಕು. ಗ್ರಂಧಿಗೆ ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುವ ಇದೇ ಉಪ್ಪನ್ನು ನುಣುಪು ಮಾಡಿ, ಪ್ಲಾಸ್ಟಿಕ್ ಕೊಳವೆಗೆ ಕೂರಿಸಿ ‘ಮಿನರಲ್ ಸ್ಟೋನ್’ ಎಂದು ದುಬಾರಿಗೆ ಮಾರುತ್ತಾರೆ. ಅದರ ಮೇಲೆ ‘ಅಲ್ಯೂಮಿನಿಯಂ ಇಲ್ಲ’ ಎಂದು ಬರೆದಿದ್ದರೆ ನಂಬಬೇಡಿ. ಪಟಿಕ ಅಂದರೇ ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್. ಅಲ್ಯೂಮಿನಿಯಂ ಬೇಡವೇ ಬೇಡ ಅನ್ನುವವರಿಗೆ ಇದು ಅಲ್ಲ. ಬೆವರು ನಿಲ್ಲಿಸುವ ಆ್ಯಂಟಿಪರ್ಸ್ಪಿರಂಟ್‌ಗಳಲ್ಲಿರುವ ಅಲ್ಯೂಮಿನಿಯಂ ಕ್ಲೋರೊಹೈಡ್ರೇಟ್ ಬೆವರಿನ ನಾಳದ ಬಾಯಿಗೇ ಬೆಣೆ ಹೊಡೆಯುತ್ತದೆ. ಪಟಿಕದ ಕೆಲಸ ಹೆಚ್ಚಾಗಿ ಮೇಲ್ಮೈಯಲ್ಲಿ, ಬೆವರು ಬರುತ್ತಲೇ ಇರುತ್ತದೆ, ನಾತ ತಗ್ಗುತ್ತದೆ. ಇನ್ನು ಸ್ತನ ಕ್ಯಾನ್ಸರಿನ ಭಯ: ಈವರೆಗಿನ ಅಧ್ಯಯನಗಳಲ್ಲಿ ಸ್ಪಷ್ಟ ನಂಟು ಸಿಕ್ಕಿಲ್ಲ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿಯೇ ಬಳಸಬೇಕು.

ಬಳಸುವ ಬಗೆಯಲ್ಲೇ ಹೆಚ್ಚಿನವರು ಎಡವುವುದು. ಒಡೆದ ಪಟಿಕದ ಅಂಚು ಗಾಜಿನಂತೆ ಕೊಯ್ಯುತ್ತದೆ, ಮೊದಲು ಒದ್ದೆ ಮಾಡಿ ನುಣುಪಾದ ಕಲ್ಲಿನ ಮೇಲೆ ತೇದು ಅಂಚು ದುಂಡಗೆ ಮಾಡಿಕೊಳ್ಳಿ. ಸ್ನಾನದಲ್ಲಿ ಸೋಪು ಪೂರ್ತಿ ಹೋಗುವಂತೆ ತೊಳೆಯಬೇಕು. ಸೋಪು ಉಳಿದಿದ್ದರೆ ಪಟಿಕ ಅದರೊಂದಿಗೆ ಸೇರಿ ಅಂಟಂಟು ಬಿಳಿ ಪೊರೆಯಾಗುತ್ತದೆ, ಕೂದಲಿಗೆ ಮೆತ್ತಿಕೊಳ್ಳುತ್ತದೆ. ಟವೆಲಿನಿಂದ ಒತ್ತಿ ಒರೆಸಿ, ಕಲ್ಲನ್ನು ನೀರಿಗೆ ಅದ್ದಿ, ನಾಲ್ಕೈದು ಸಲ ಆಡಿಸಿ, ಎರಡು ನಿಮಿಷ ಆರಲು ಬಿಡಿ. ಆರುವ ಮೊದಲೇ ಅಂಗಿ ತೊಟ್ಟರೆ ಅರ್ಧ ಪಟಿಕ ಬಟ್ಟೆಗೆ ಹೋಯಿತು. ಶೇವ್ ಮಾಡುವುದಿದ್ದರೆ ರಾತ್ರಿ, ಪಟಿಕ ಬೆಳಿಗ್ಗೆ. ಕಲ್ಲನ್ನು ಒರೆಸಿ ಒಣಗಿಸಿಡಿ, ನೀರು ನಿಂತ ಸೋಪಿನ ಡಬ್ಬಿಯಲ್ಲಿಟ್ಟರೆ ಬೇಗನೆ ಕರಗಿ ಮುಗಿಯುತ್ತದೆ.

ಕೂದಲು ದಟ್ಟ ಇರುವವರಿಗೂ, ಹೈಸ್ಕೂಲು ಮಕ್ಕಳಿಗೂ ಸ್ಪ್ರೇ ಸಲೀಸು. 100 ಮಿಲಿಲೀಟರ್ ನೀರಿಗೆ 5 ಗ್ರಾಂ ಪಟಿಕದ ಪುಡಿ, ಅಂದರೆ ಮಟ್ಟಸ ಒಂದು ಟೀ ಚಮಚ. ಉಗುರುಬೆಚ್ಚಗಿನ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಪ್ಲಾಸ್ಟಿಕ್ ಸ್ಪ್ರೇ ಬಾಟಲಿಗೆ ತುಂಬಿ. ಕಬ್ಬಿಣದ ಪಾತ್ರೆ ಬೇಡ, ತುಕ್ಕು ಹಿಡಿಯುತ್ತದೆ. ‘ಗಟ್ಟಿಯಾಗಿರಲಿ’ ಅಂತ ಎರಡು ಮೂರು ಪಟ್ಟು ಹಾಕಿದರೆ ಚಳಿಗಾಲದ ರಾತ್ರಿ ಹರಳುಗಟ್ಟಿ ಮೂತಿ ಕಟ್ಟಿಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರೂ ಬೇಡ. ಬಗ್ಗಡದ ಕೊಡಕ್ಕೆ ಪಟಿಕ ಆಡಿಸಿ ನೀರು ತಿಳಿ ಮಾಡುತ್ತಿದ್ದರಲ್ಲ, ಅದೇ ಕ್ರಿಯೆ ಇಲ್ಲೂ ನಡೆದು ಬಿಳಿ ಗಷ್ಟು ಕೂರುತ್ತದೆ, ಗಷ್ಟಾದ ಪಟಿಕ ನಿಮ್ಮ ಕೆಲಸಕ್ಕೆ ಬರುವುದಿಲ್ಲ. ಫಿಲ್ಟರ್ ನೀರು ಬಳಸಿ. ಪಟಿಕಕ್ಕೆ ಅಡುಗೆ ಸೋಡ ಬೆರೆಸುವ ಜಾಣತನವಂತೂ ಬೇಡವೇ ಬೇಡ. ಒಂದು ಆಮ್ಲ, ಒಂದು ಕ್ಷಾರ, ನೊರೆಯುಕ್ಕಿ ಎರಡೂ ಸತ್ತುಹೋಗುತ್ತವೆ.

ಕ್ರೀಮೇ ಬೇಕೆನ್ನುವವರು ಸೋಡ ಬಿಟ್ಟು ಹೀಗೆ ಮಾಡಬಹುದು. 50 ಗ್ರಾಂ ತೆಂಗಿನೆಣ್ಣೆ, 12 ಗ್ರಾಂ ಜೇನುಮೇಣ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಮೇಣ ಕರಗಲು 62 ಡಿಗ್ರಿಗೂ ಮೇಲಿನ ಕಾವು ಬೇಕು, ಹಾಗಾಗಿ ಬೇಸಿಗೆಗೂ ಜಗ್ಗುವುದಿಲ್ಲ. ಇಳಿಸಿ, ಮಂದವಾಗತೊಡಗಿದಾಗ 30 ಗ್ರಾಂ ಕೂವೆ ಹಿಟ್ಟು ಬೆರೆಸಿ ತಿರುವುತ್ತಲೇ ಇರಿ. ತೆಳ್ಳಗಿರುವಾಗಲೇ ಸುರಿದರೆ ಹಿಟ್ಟು ತಳ ಹಿಡಿಯುತ್ತದೆ. ಸುಗಂಧ ತೈಲ ಇಷ್ಟಕ್ಕೆ 15ರಿಂದ 18 ಹನಿ, ಅದಕ್ಕಿಂತ ಹೆಚ್ಚು ಬೇಡ. ಟೀ ಟ್ರೀ ಎಣ್ಣೆಯನ್ನು ಹಾಗೇ ಹಚ್ಚಿ ಅಲರ್ಜಿ ತಂದುಕೊಂಡವರಿಗೆ ಲೆಕ್ಕವಿಲ್ಲ. ಈ ಕ್ರೀಮು ತೇವ ಹೀರುತ್ತದೆ, ಪರಿಮಳ ಕೊಡುತ್ತದೆ, ಅಷ್ಟೇ. ದಿನವಿಡೀ ಬಿಸಿಲಿನಲ್ಲಿ ಕೆಲಸ ಮಾಡುವವರಿಗೆ ಸಾಲದು.

ಹೆಸರುಹಿಟ್ಟು, ಕಚೋರ, ಲಾವಂಚ, ಭದ್ರಮುಷ್ಟಿ ಸೇರಿಸಿದ ಸ್ನಾನದ ಪುಡಿ ಒಳ್ಳೆಯದೇ. ಸೋಪಿನ ಪಿಎಚ್ 9ರಿಂದ 10, ಇದರದು ಅಷ್ಟಿಲ್ಲ. ಆದರೆ ಕಂಕುಳ ಕೂದಲಲ್ಲಿ ಹಿಟ್ಟು ಉಳಿದರೆ ಮಧ್ಯಾಹ್ನದ ಹೊತ್ತಿಗೆ ಅದೇ ಹಳಸುತ್ತದೆ. ಕೂದಲನ್ನು ಕತ್ತರಿಯಿಂದ ಗಿಡ್ಡ ಮಾಡಿಟ್ಟರೆ ಅರ್ಧ ತಲೆನೋವು ಕಡಿಮೆ. ಮುಲ್ತಾನಿ ಮಿಟ್ಟಿ ಬಳಿದು ‘ಕಂಕುಳ ಡಿಟಾಕ್ಸ್’ ಮಾಡುವುದರ ಬಗ್ಗೆ ಒಂದೇ ಮಾತು: ವಿಷ ತೆಗೆಯಲು ಲಿವರು, ಕಿಡ್ನಿ ಇವೆ.

ಯಾವ ಪಟಿಕಕ್ಕೂ ಬಗ್ಗದ ಸಂಗತಿಗಳೂ ಇವೆ. ಬೆಳ್ಳುಳ್ಳಿ, ಮೆಂತ್ಯದ ವಾಸನೆ ಒಳಗಿನಿಂದಲೇ ಬೆವರಿಗೆ ಬರುತ್ತದೆ. ಕೂದಲಿಗೆ ಹಳದಿ ಅಂಟು ಕಾಳಿನಂತೆ ಕಟ್ಟಿಕೊಂಡಿದ್ದರೆ ಅದೊಂದು ಸೋಂಕು, ಬೋಳಿಸುವುದೇ ಮೊದಲ ಮದ್ದು. ಕಂಕುಳಲ್ಲಿ ಕಂದುಗೆಂಪು ಪಟ್ಟೆ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಇದ್ದಕ್ಕಿದ್ದಂತೆ ಬದಲಾದ ಮೈವಾಸನೆ, ಎಂಟು ವರ್ಷಕ್ಕೂ ಮೊದಲೇ ಹೆಣ್ಣುಮಗುವಿಗೆ ಅಥವಾ ಒಂಬತ್ತಕ್ಕೂ ಮೊದಲೇ ಗಂಡುಮಗುವಿಗೆ ದೊಡ್ಡವರ ಬೆವರುವಾಸನೆ, ಇವಕ್ಕೆ ಡಾಕ್ಟರ ಬಳಿ ಹೋಗಿ.

ಕೊನೆಗೆ ಬಟ್ಟೆ. ಎಷ್ಟೋ ಸಲ ಮೈ ಶುದ್ಧವಾಗಿಯೇ ಇರುತ್ತದೆ, ನಾತ ಅಂಗಿಯದು. ಪಾಲಿಯೆಸ್ಟರ್ ನೀರು ಹೀರುವುದಿಲ್ಲ, ಮೈಯ ಜಿಡ್ಡನ್ನು ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ. ಮೈಕ್ರೊಕಾಕಸ್ ಎಂಬ ಬ್ಯಾಕ್ಟೀರಿಯಾ ಹತ್ತಿಗಿಂತ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಬೆಳೆಯುತ್ತದೆ. ಒಗೆದ ಅಂಗಿ ಇಸ್ತ್ರಿಯ ಬಿಸಿ ತಾಗಿದ ಕೂಡಲೇ ಮತ್ತೆ ನಾರುವುದು ಇದರಿಂದ. ಇಲ್ಲಿ ಮಾತ್ರ ಕ್ಷಾರ ಬೇಕು, ಕಂಕುಳಿಗೆ ಬೇಡವಾದದ್ದು ಬಟ್ಟೆಗೆ ಮದ್ದು. ಅಂಗಿಯನ್ನು ಒಳಮೈ ಹೊರಗೆ ಮಾಡಿ, ಅರ್ಧ ಬಕೆಟ್ ಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡ ಹಾಕಿ ಒಂದು ಗಂಟೆ ನೆನೆಸಿ, ಆಮೇಲೆ ಎಂದಿನಂತೆ ಒಗೆಯಿರಿ. ಕೊನೆಯ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್. ರೇಷ್ಮೆ, ಉಣ್ಣೆಗೆ ಸೋಡ ತಾಗಿಸಬೇಡಿ. ಬ್ಲೀಚಿಂಗ್ ಪೌಡರ್ ಬಳಸಿದ ಬಟ್ಟೆಗೆ ವಿನೆಗರ್ ಹಾಕಲೇಬೇಡಿ, ಕ್ಲೋರಿನ್ ಅನಿಲ ಏಳುತ್ತದೆ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬಟ್ಟೆ ಎರಡು ದಿನ ಹಸಿಯಾಗಿಯೇ ಉಳಿದು ಮುಗ್ಗಲು ಹಿಡಿಯುತ್ತದೆ, ಆ ವಾಸನೆಯ ಮೇಲೆ ಯಾವ ಡಿಯೋ ಹೊಡೆದರೂ ಕಲಬೆರಕೆ ನಾತ. ಚೆನ್ನಾಗಿ ಹಿಂಡಿ, ಒಂದಕ್ಕೊಂದು ತಾಗದಂತೆ ಫ್ಯಾನಿನ ಕೆಳಗೆ ಹರವಿ. ಸಮವಸ್ತ್ರ ಪಾಲಿಯೆಸ್ಟರೇ ಆಗಿದ್ದು ಬದಲಿಸಲಾಗದವರು ಒಳಗೆ ತೋಳಿರುವ ಹತ್ತಿ ಬನಿಯನ್ ತೊಡಿ. ತೋಳಿಲ್ಲದ್ದು ಬೇಡ, ಕಂಕುಳಿಗೇ ತಾಗದಿದ್ದರೆ ಅದು ಹೀರುವುದೇನನ್ನು?