ಕರಗುವಿಕೆ ಭೌತಿಕ ಬದಲಾವಣೆಯೇ? ಪರ–ವಿರೋಧ

ಪರ: ಕರಗಿದರೂ ಅದೇ ವಸ್ತು

ಈ ಪಕ್ಷವನ್ನು ಮಂಡಿಸುವಂತೆ ನನ್ನನ್ನು ಕೇಳಲಾಯಿತು. ನೀರಿನಂಥ ದ್ರವದಲ್ಲಿ ಕರಗುವ ಪ್ರತಿಯೊಂದು ವಸ್ತುವಿಗೂ ಈ ಮಾತು ಒಂದೇ ತೆರನಾಗಿ ಸಲ್ಲುತ್ತದೆಂದು ನಾನು ಹೇಳುವುದಿಲ್ಲ. ಆದರೂ ಸಾಮಾನ್ಯ ನಿಯಮವೊಂದು ಬೇಕೆಂದಾದರೆ ಕರಗುವಿಕೆಯನ್ನು ಭೌತಿಕ ಬದಲಾವಣೆ ಎನ್ನುವುದೇ ಉಚಿತ.

ರಾಸಾಯನಿಕ ಬದಲಾವಣೆಯಾಗಬೇಕಾದರೆ ಹೊಸ ವಸ್ತುವೊಂದು ಉಂಟಾಗಬೇಕು. ಸಕ್ಕರೆ ಕರಗಿದಾಗ ಅಂಥದ್ದೇನೂ ಉಂಟಾಗುವುದಿಲ್ಲ. 12 ಇಂಗಾಲ, 22 ಹೈಡ್ರೋಜನ್, 11 ಆಮ್ಲಜನಕ ಪರಮಾಣುಗಳುಳ್ಳ ಅದರ ಅಣು ಹರಳಿನಲ್ಲಿದ್ದಂತೆಯೇ ದ್ರಾವಣದಲ್ಲಿಯೂ ಇಡಿಯಾಗಿ ಉಳಿಯುತ್ತದೆ. ಅಣುಗಳು ಒಂದರಿಂದೊಂದು ಬೇರ್ಪಟ್ಟು ನೀರಿನ ಅಣುಗಳ ನಡುವೆ ಹರಡಿಕೊಳ್ಳುತ್ತವೆ, ಅಷ್ಟೆ. ನೀರನ್ನು ಆವಿಯಾಗಿಸಿದರೆ ಅದೇ ಸಕ್ಕರೆ, ಉಪ್ಪಿನ ದ್ರಾವಣದಿಂದ ಅದೇ ಉಪ್ಪು ಮರಳಿ ದೊರೆಯುತ್ತದೆ. ಶಕ್ತಿಯ ಲೆಕ್ಕವೂ ಇದನ್ನೇ ಹೇಳುತ್ತದೆ: ಒಂದು ಮೋಲ್ (ನಿಗದಿತ ಸಂಖ್ಯೆಯ ಕಣಗಳಿರುವ ಪ್ರಮಾಣ) ಮೀಥೇನ್ ಅನಿಲ ಉರಿದಾಗ ಸುಮಾರು 890 ಕಿಲೋಜೂಲ್ ಶಾಖ ಹೊರಬಂದರೆ, ಒಂದು ಮೋಲ್ ಉಪ್ಪು ಕರಗುವಾಗ ಹೀರಿಕೊಳ್ಳುವುದು ಸುಮಾರು 4 ಕಿಲೋಜೂಲ್ ಮಾತ್ರ. ಸತು ಆಮ್ಲದಲ್ಲಿ ಕರಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಆ ದ್ರಾವಣವನ್ನು ಆವಿಯಾಗಿಸಿದರೆ ಸತು ಸಿಗುವುದಿಲ್ಲ, ಸತುವಿನ ಲವಣ ಸಿಗುತ್ತದೆ; ಆದ್ದರಿಂದ ಅದನ್ನು ಕರಗುವಿಕೆಯ ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ. ಮರಳಿ ದೊರೆಯುತ್ತದೆಯೇ ಎಂಬ ಪರೀಕ್ಷೆ ಕಲಿಕೆಯ ಆರಂಭಕ್ಕೆ ಸಾಕು.

ವಿರೋಧ: ಬಂಧ ಮುರಿದ ಮೇಲೆ ಭೌತಿಕವೆನ್ನುವುದು ಹೇಗೆ?

ರಸಾಯನಶಾಸ್ತ್ರವನ್ನು ಹಲವು ವರ್ಷ ಕಲಿಸಿದವನಾಗಿ, ಸಕ್ಕರೆಯೊಂದನ್ನು ಮುಂದಿಟ್ಟುಕೊಂಡು ಸಕಲ ಕರಗುವಿಕೆಗೂ ತೀರ್ಪು ಕೊಡುವ ಅಭ್ಯಾಸವನ್ನು ನಾನು ಮನಃಪೂರ್ವಕವಾಗಿ ವಿರೋಧಿಸುತ್ತೇನೆ. ಉಪ್ಪಿನ ಹರಳಿನಲ್ಲಿ ಅಣುಗಳೇ ಇಲ್ಲ. ಅಲ್ಲಿರುವುದು ವಿದ್ಯುದಾವೇಶವುಳ್ಳ ಕಣಗಳಾದ ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳು, ಅವುಗಳನ್ನು ಹಿಡಿದಿಟ್ಟಿರುವುದು ವಿರುದ್ಧ ಆವೇಶಗಳ ಸೆಳೆತವಾದ ಅಯಾನಿಕ ಬಂಧ. ಒಂದು ಮೋಲ್ ಹರಳನ್ನು ಬಿಡಿ ಅಯಾನುಗಳಾಗಿ ಬೇರ್ಪಡಿಸಲು ಸುಮಾರು 787 ಕಿಲೋಜೂಲ್ ಬೇಕು. ಆ ಅಯಾನುಗಳನ್ನು ನೀರಿನ ಅಣುಗಳು ಸುತ್ತುವರಿದಾಗ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಹೊರಬರುವುದರಿಂದ ಕೊನೆಗೆ 4 ಕಿಲೋಜೂಲ್‌ನ ವ್ಯತ್ಯಾಸ ಮಾತ್ರ ಕಾಣುತ್ತದೆ. ಜಮೆಯೂ ಖರ್ಚೂ ದೊಡ್ಡದಾಗಿ ಉಳಿಕೆ ಚಿಕ್ಕದಾದರೆ, ವ್ಯವಹಾರವೇ ನಡೆಯಲಿಲ್ಲವೆಂದು ಯಾವ ಲೆಕ್ಕಿಗನೂ ಬರೆಯುವುದಿಲ್ಲ. ಲವಣಗಳು ನೀರಿನಲ್ಲಿ ಅಯಾನುಗಳಾಗಿ ಬೇರ್ಪಡುತ್ತವೆಂಬ ಸಿದ್ಧಾಂತಕ್ಕಾಗಿ ಸ್ವಾಂಟೆ ಅರೇನಿಯಸ್ ಅವರಿಗೆ 1903ರಲ್ಲಿ ನೊಬೆಲ್ ಪ್ರಶಸ್ತಿ ದೊರೆತದ್ದು ರಸಾಯನಶಾಸ್ತ್ರದಲ್ಲಿ ಎಂಬುದನ್ನೂ ಮರೆಯಬಾರದು.

ಒಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳು ಪರೀಕ್ಷೆಯಲ್ಲಿ ಉಪ್ಪು ಕರಗುವುದನ್ನು ರಾಸಾಯನಿಕ ಬದಲಾವಣೆ ಎಂದು ಬರೆದು, ಅಯಾನಿಕ ಬಂಧ ಮುರಿಯುತ್ತದೆಂಬ ಕಾರಣವನ್ನೂ ಕೊಟ್ಟಿದ್ದಳು. ಮಾದರಿ ಉತ್ತರದಲ್ಲಿ ಭೌತಿಕ ಎಂದಿದ್ದುದರಿಂದ ಅವಳಿಗೆ ಸೊನ್ನೆ ಬಂತು. ಕಾರಣವನ್ನು ಯಾರೂ ಓದಿದಂತೆ ತೋರಲಿಲ್ಲ. ಮರುದಿನ ನಾನು ಜಲರಹಿತ ತಾಮ್ರದ ಸಲ್ಫೇಟನ್ನು ತರಗತಿಗೆ ತಂದೆ. ಆ ಬಿಳಿಯ ಪುಡಿಗೆ ನೀರು ಹಾಕಿದೊಡನೆ ಅದು ನೀಲಿಯಾಯಿತು, ಪ್ರನಾಳ ಬಿಸಿಯಾಯಿತು, ಇನ್ನಷ್ಟು ನೀರಿನಲ್ಲಿ ನೀಲಿಯಾಗಿಯೇ ಕರಗಿತು. ಬಣ್ಣ ಬದಲಾಗಿದೆ, ಶಾಖ ಹೊರಬಂದಿದೆ, ರಾಸಾಯನಿಕವೇ ಎಂದು ಇಡೀ ತರಗತಿ ಹೇಳಿತು. ಆವಿಯಾಗಿಸಿದಾಗ ಉಳಿದ ನೀಲಿ ಹರಳುಗಳನ್ನು ಕಾಯಿಸಿದೆ. ಬಿಳಿಯ ಪುಡಿ ಮರಳಿ ಬಂತು. ಆಗ ಅದೇ ಹುಡುಗಿ ಎದ್ದು ನಿಂತು, "ಮರಳಿ ಬರುವುದೇ ಭೌತಿಕ ಬದಲಾವಣೆಯ ಗುರುತಾದರೆ ಇದೂ ಭೌತಿಕ ಆಗಬೇಕಲ್ಲವೇ, ಸರ್?" ಎಂದು ಕೇಳಿದಳು. ಮಾದರಿ ಉತ್ತರ ಬರೆದವರು ಅಂದು ಆ ತರಗತಿಯಲ್ಲಿ ಇರಬೇಕಾಗಿತ್ತು.

ಹೈಡ್ರೋಜನ್ ಕ್ಲೋರೈಡ್ ಅನಿಲವನ್ನೂ ನೋಡಿ. ಒಣ ಅನಿಲದಲ್ಲಿ ಅಯಾನುಗಳಿಲ್ಲ. ನೀರಿನಲ್ಲಿ ಕರಗಿದೊಡನೆ ಅದರ ಪ್ರೋಟಾನು (ಎಲೆಕ್ಟ್ರಾನು ಕಳೆದುಕೊಂಡ ಹೈಡ್ರೋಜನ್) ನೀರಿನ ಅಣುವನ್ನು ಸೇರಿ ಹೈಡ್ರೋನಿಯಂ ಅಯಾನು ಉಂಟಾಗುತ್ತದೆ, ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಉಂಟಾದ ಸಹವೇಲೆನ್ಸೀಯ ಬಂಧವೇ ಕಡಿದುಹೋಗುತ್ತದೆ. ಇದನ್ನೂ ಕರಗುವಿಕೆಯೆಂದೇ ಎಲ್ಲರೂ ಕರೆಯುತ್ತಾರೆ. ಆದ್ದರಿಂದ ಉಪ್ಪಿನ ಕುರಿತು ಈ ಪ್ರಶ್ನೆಯನ್ನು ಕೇಳುವುದೇ ಆದರೆ, ಅಂಕವನ್ನು ವಿದ್ಯಾರ್ಥಿ ಕೊಡುವ ಕಾರಣಕ್ಕೆ ಕೊಡಬೇಕು.