ಪೋಹ್‌ನಲ್ಲಿ ಬೇಯಿಸಿ ಮಾಘ್‌ನಲ್ಲಿ ತಿಂದ ಪಾಯಸ

ಬೆಳಿಗ್ಗೆಯಿಂದ ಸಿಟ್ಟು ಇಳಿದಿಲ್ಲ. ಇಲ್ಲಿ ಬರೆದೇ ತೀರಬೇಕು.

ಇವತ್ತು ಮಾಘಿ, ಪಂಜಾಬಿನಲ್ಲಿ ಮಾಘ್ ತಿಂಗಳ ಮೊದಲ ದಿನ. ಲೂಧಿಯಾನದ ಚಳಿಯ ಬಗ್ಗೆ ಪ್ರತಿ ವರ್ಷ ನನ್ನಿಂದ ಕೇಳಿದ್ದೀರಿ, ಮತ್ತೆ ಹೇಳಲ್ಲ. ಏಳು ಗಂಟೆಗೆ ಪಕ್ಕದ ಮನೆಯ ಬೀಜಿ (ಹಿರಿಯ ಹೆಂಗಸನ್ನು ಇಲ್ಲಿ ಹಾಗೆ ಕರೆಯುತ್ತಾರೆ) ಶಾಲಿನೊಳಗೆ ಸ್ಟೀಲ್ ಡಬ್ಬಿ ಇಟ್ಟುಕೊಂಡು ಬಂದರು. ಕಬ್ಬಿನ ಹಾಲಲ್ಲಿ ಅಕ್ಕಿ ಬೇಯಿಸಿದ ಪಾಯಸ, ರೌ ದೀ ಖೀರ್. ರಾತ್ರಿಯೆಲ್ಲ ತಣಿದು ಚಮಚ ನಿಲ್ಲುವಷ್ಟು ಗಟ್ಟಿಯಾಗಿತ್ತು. ಮೇಲೆ ಮೊಸರು ಹಾಕಿಕೊಂಡು ತಿನ್ನಬೇಕು. "ಪೋಹ್ ರಿದ್ಧೀ, ಮಾಘ್ ಖಾಧೀ" ಅಂದರು. ಪೋಹ್‌ನಲ್ಲಿ ಬೇಯಿಸಿದ್ದು, ಮಾಘ್‌ನಲ್ಲಿ ತಿಂದದ್ದು. ನಿನ್ನೆ ಲೋಹ್ರಿ, ಪೋಹ್ ತಿಂಗಳ ಕೊನೆಯ ರಾತ್ರಿ. ಪಾಯಸ ಒಲೆ ಮೇಲಿದ್ದಾಗ ಒಂದು ತಿಂಗಳು, ತಟ್ಟೆಗೆ ಬಂದಾಗ ಇನ್ನೊಂದು!

ಖುಷಿಯಿಂದ ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದೆ. ಬಂದ ಉತ್ತರ: "ಮಾಘ ಎಲ್ಲಿ ಬಂತು? ಗೋಡೆ ಕ್ಯಾಲೆಂಡರ್ ನೋಡು, ಇನ್ನೂ ಪುಷ್ಯ. ಪಂಜಾಬಿನವರಿಗೆ ಲೆಕ್ಕ ತಪ್ಪಿದೆ."

ತಪ್ಪಿಲ್ಲ. ಹೆಸರು ಒಂದೇ ಇದ್ದರೆ ಲೆಕ್ಕವೂ ಒಂದೇ ಆಗಬೇಕಾ? ನಮ್ಮ ಚಾಂದ್ರಮಾನದ ತಿಂಗಳು ಅಮಾವಾಸ್ಯೆಗೆ ಮುಗಿಯುತ್ತದೆ. ಅವರದು ಸೂರ್ಯನ ಲೆಕ್ಕ. ಸೂರ್ಯ ರಾಶಿ ಬದಲಿಸಿದ ದಿನವೇ ಸಂಗ್ರಾಂದ್, ಅಂದರೆ ನಮ್ಮ ಸಂಕ್ರಾಂತಿ. ಅದು ವರ್ಷಕ್ಕೆ ಹನ್ನೆರಡು ಸಲ ಬರುತ್ತದೆ. ಪ್ರತಿ ಸಂಗ್ರಾಂದ್‌ಗೂ ಗುರುದ್ವಾರದಲ್ಲಿ ಬಾರಹ್ ಮಾಹಾ, ಅಂದರೆ ಹನ್ನೆರಡು ತಿಂಗಳುಗಳ ಪದ್ಯ, ಓದುತ್ತಾರೆ, ಹೊಸ ತಿಂಗಳ ಹೆಸರು ಜನರ ಕಿವಿಗೆ ಬೀಳುವುದು ಅಲ್ಲೇ. ಹಾಗಂತ ಚಂದ್ರನನ್ನು ಅವರು ಬಿಟ್ಟಿಲ್ಲ. ದೀಪಾವಳಿ, ಹೋಳಿ ಎಲ್ಲ ತಿಥಿ ನೋಡಿಯೇ.

"ಈಗ ಯಾರು ಚೇತ್, ವೈಸಾಖ್ ಅಂತ ಎಣಿಸ್ತಾರೆ? ಸಂಬಳ ಒಂದನೇ ತಾರೀಕಿಗೆ ತಾನೇ" ಅಂತ ಇನ್ನೊಬ್ಬರು. ಸಂಬಳ ಹಾಗೇ ಬರಲಿ. ಯಾರಿಗೂ ಬೇಡವಾದ ಕ್ಯಾಲೆಂಡರಿಗೆ ಯಾರೂ ಜಗಳ ಆಡಲ್ಲ. ಪಾಲ್ ಸಿಂಗ್ ಪುರೇವಾಲ್ ರೂಪಿಸಿದ ಸಿಖ್ಖರ ನಾನಕ್‌ಶಾಹಿ ಕ್ಯಾಲೆಂಡರ್ 2003ರಲ್ಲಿ ಜಾರಿಗೆ ಬಂತು. ಅದರಲ್ಲಿ ಚೇತ್ ತಿಂಗಳ ಒಂದನೇ ದಿನ ಅಂದರೆ ಪ್ರತಿ ವರ್ಷ ಮಾರ್ಚ್ 14. 2010ರಲ್ಲಿ ಅದನ್ನು ತಿದ್ದಿ ಸಂಗ್ರಾಂದ್‌ಗಳನ್ನು ಮತ್ತೆ ಹಳೆಯ ಬಿಕ್ರಮಿ (ವಿಕ್ರಮ ಸಂವತ್) ಪಂಚಾಂಗದ ಲೆಕ್ಕಕ್ಕೆ ತಂದರು. ಆ ವಾದ ಇನ್ನೂ ಮುಗಿದಿಲ್ಲ. ಪೋಹ್ ಬಂದರೆ ಗುರು ಗೋಬಿಂದ್ ಸಿಂಗರ ಮಕ್ಕಳ ಬಲಿದಾನ ನೆನೆದು ಎಷ್ಟೋ ಜನ ಈ ಚಳಿಯಲ್ಲೂ ನೆಲದ ಮೇಲೆ ಮಲಗುತ್ತಾರೆ. ಅವರ ಎದುರು ಹೋಗಿ "ಯಾರು ಎಣಿಸ್ತಾರೆ" ಅಂತ ಕೇಳಿ ನೋಡೋಣ.

ನನಗೆ ಜಾಸ್ತಿ ನೋವಾಗಿದ್ದು ಬೇರೆ ಕಾರಣಕ್ಕೆ. ಹೀಗೆ ಹೇಳಿದವರು ನಮ್ಮ ತುಳುನಾಡಿನವರೇ. ನಮ್ಮ ತುಳು ತಿಂಗಳುಗಳಾದ ಪಗ್ಗು, ಬೇಶ, ಕಾರ್ತೆಲ್, ಆಟಿಯೂ ಸೂರ್ಯನ ಲೆಕ್ಕವೇ ಅಲ್ವಾ? ಏಪ್ರಿಲ್ ಮಧ್ಯದಲ್ಲಿ ಇವರಿಗೆ ವೈಸಾಖಿ ಬಂದಾಗಲೇ ನಮಗೆ ಹೊಸ ವರ್ಷದ ಬಿಸು. ಇವರ ಮಾಘ್ ಶುರುವಾಗುವ ಹೊತ್ತಿಗೆ ನಮ್ಮದು ಪುಯಿಂತೆಲ್.

ಹೋದ ವರ್ಷ ಬೀಜಿ ನಮ್ಮ ತಿಂಗಳುಗಳ ಹೆಸರು ಕೇಳಿದ್ದರು. ಸೋಣದ ತನಕ ಹೇಳಿದೆ, ಮುಂದೆ ಬರಲಿಲ್ಲ. ಅಮ್ಮ ಅಕ್ಕಿ ಕೇರುತ್ತಾ ಒಂದೇ ಉಸಿರಿಗೆ ಹೇಳುತ್ತಿದ್ದಳು. ಅಮ್ಮ ಈಗಿಲ್ಲ. ಅವತ್ತು ರಾತ್ರಿ ದೊಡ್ಡಮ್ಮನಿಗೆ ಫೋನ್ ಮಾಡಿ ಹನ್ನೆರಡನ್ನೂ ಬರೆದುಕೊಂಡೆ. ಆ ಚೀಟಿ ಫ್ರಿಜ್ ಬಾಗಿಲ ಮೇಲಿದೆ. ಇವತ್ತು ಡಬ್ಬಿ ವಾಪಸ್ ಕೊಡುವಾಗ ಬೀಜಿಗೆ ಹನ್ನೆರಡನ್ನೂ ಹೇಳಿ ಬಂದೆ.